ಟೋಕಿಯೊದಲ್ಲಿ ಕೋಲು ಹುಡುಕಿದ ಕಥೆ

ಟೋಕಿಯೊದ ಒಚನೊಮಿಜು ರೈಲು ನಿಲ್ದಾಣದಿಂದ ಹೊರಬಿದ್ದು ಇಳಿಜಾರು ಬೀದಿ ಹಿಡಿದರೆ ಮೊದಲು ಸಿಗುವುದು ಗಿಟಾರ್ ಅಂಗಡಿಗಳು. ಒಂದೆರಡಲ್ಲ, ಸಾಲು ಸಾಲು. ಇಳಿಜಾರು ಮುಗಿದ ಕಡೆ ದೊಡ್ಡ ರಸ್ತೆ. ಬಲಕ್ಕೆ ತಿರುಗಿದರೆ ಜಿಂಬೊಚೊದ ಹಳೆ ಪುಸ್ತಕದಂಗಡಿಗಳು, ಎಡಕ್ಕೆ ಹೋದರೆ ಒಗವಾಮಾಚಿಯ ಆಟದ ಸಾಮಾನಿನ ಅಂಗಡಿಗಳು. ನನ್ನ ಕಾಲು ತಾನಾಗಿ ಬಲಕ್ಕೆ ಎಳೆಯಿತು. ಆ ಊರಲ್ಲೇ ಕೆಲಸದಲ್ಲಿರುವ ಅಕ್ಕನ ಮಗ ತೋಳು ಹಿಡಿದು ಎಡಕ್ಕೆ ತಿರುಗಿಸಿದ. “ಮಾವ, ಪುಸ್ತಕ ಸಂಜೆಗೆ. ಈಗ ಕೋಲಿನ ಕೆಲಸ ಮುಗಿಸೋಣ.”

ಹೆಗಲ ಮೇಲಿನ ಉದ್ದನೆ ಚೀಲದಲ್ಲಿ ನನ್ನ ಡ್ರೈವರ್ ಇತ್ತು. ಗಾಲ್ಫ್ ಆಡುವವರು ದೂರದ ಮೊದಲ ಹೊಡೆತಕ್ಕೆ ಎತ್ತಿಕೊಳ್ಳುವ, ಇರುವುದರಲ್ಲೆಲ್ಲ ಉದ್ದನೆಯ ಕೋಲು ಅದು. ನಿಯಮದ ಪ್ರಕಾರ ಅದರ ತಲೆ 460 ಘನ ಸೆಂಟಿಮೀಟರ್ ಮೀರುವಂತಿಲ್ಲ, ಉದ್ದ 48 ಇಂಚು ದಾಟುವಂತಿಲ್ಲ. ದೊಡ್ಡ ವೃತ್ತಿಪರ ಪಂದ್ಯಗಳಲ್ಲಿ 2022ರಿಂದ ಮಿತಿ 46 ಇಂಚಿಗೇ ಇಳಿದಿದೆ. ತಲೆಗೂ ಹಿಡಿಗೂ ನಡುವಿನ ಕಪ್ಪು ಕೊಳವೆಯೇ ಶಾಫ್ಟ್. ವಯಸ್ಸಾದಂತೆ ನನ್ನ ಬೀಸು ನಿಧಾನವಾಗಿತ್ತು. ಕೊಳವೆ ಮಾತ್ರ ಹಳೆಯ ಬಿಗುವಿನಲ್ಲೇ ಉಳಿದು, ಚೆಂಡು ತಗ್ಗಾಗಿ ಹಾರಿ ಬಲಕ್ಕೆ ಬೀಳುತ್ತಿತ್ತು.

ಅಂಗಡಿಯ ಮೇಲಿನ ಮಹಡಿಗೆ ಹತ್ತಿದವನು ಬಾಗಿಲಲ್ಲೇ ನಿಂತುಬಿಟ್ಟೆ. ಒಂದು ಗೋಡೆಯ ತುಂಬ ಬರೀ ಶಾಫ್ಟ್‌ಗಳು. ತಲೆಯಿಲ್ಲ, ಹಿಡಿಯಿಲ್ಲ, ಕಿತ್ತಳೆ, ನೀಲಿ, ಬೆಳ್ಳಿ, ಕಡುಗಪ್ಪು ಬಣ್ಣದ ಕೊಳವೆಗಳು ಮಾತ್ರ. ಒಂದನ್ನು ಕೈಗೆತ್ತಿಕೊಂಡೆ, ಭಾರವೇ ತಿಳಿಯಲಿಲ್ಲ. 40 ಗ್ರಾಂನಿಂದ 80 ಗ್ರಾಂವರೆಗಿನ ತೂಕ. ಪ್ರತಿಯೊಂದರ ಮೈಮೇಲೂ ಒಂದು ಅಕ್ಷರ: ಆರ್, ಎಸ್‌ಆರ್, ಎಸ್, ಎಕ್ಸ್. ಬಾಗುವ ಗುಣದ ಗುರುತು ಅದು. ಆರ್ ಮೆದು, ಎಕ್ಸ್ ಬಲು ಬಿಗಿ.

“ನನಗೆ ಎಸ್ ಕೊಡಲಿ” ಎಂದೆ. ಅಳಿಯ ಅದನ್ನು ಜಪಾನಿ ಭಾಷೆಯಲ್ಲಿ ಹೇಳಿದ. ಅಂಗಡಿಯವರು ನಕ್ಕು ತಲೆಬಾಗಿ, ಎರಡು ಬೇರೆ ಬೇರೆ ಕಂಪನಿಗಳ ಎಸ್ ಶಾಫ್ಟ್‌ಗಳನ್ನು ತಂದರು. ಒಂದರ ಹಿಡಿಯ ತುದಿಯನ್ನು ಮೇಜಿನ ಯಂತ್ರಕ್ಕೆ ಬಿಗಿದು, ಇನ್ನೊಂದು ತುದಿಗೆ ತೂಕ ಸಿಕ್ಕಿಸಿ, ಬೆರಳಿನಿಂದ ಮೀಟಿದರು. ಕೊಳವೆ ಝುಮ್ಮೆಂದು ಅದುರಿತು. ನಿಮಿಷಕ್ಕೆ ಎಷ್ಟು ಸಲ ಅದುರುತ್ತದೆಂದು ಯಂತ್ರ ತೋರಿಸಿತು: 258. ಎರಡನೆಯದನ್ನು ಮೀಟಿದರು: 246. ಅಕ್ಷರ ಒಂದೇ, ಗುಣ ಬೇರೆ! ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲವಂತೆ. ಒಬ್ಬರ ಎಸ್ ಇನ್ನೊಬ್ಬರ ಎಸ್‌ಆರ್ ಆಗಬಹುದು.

ನನ್ನನ್ನು ಬಲೆಯ ಮುಂದೆ ನಿಲ್ಲಿಸಿ ಹೊಡೆಯಲು ಹೇಳಿದರು. ಜಪಾನಿನಲ್ಲಿ ಬೀಸಿನ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದೇ ಅಳೆಯುತ್ತಾರೆ. ಪರದೆಯ ಮೇಲೆ 38 ಎಂದು ಬಂತು. ಗಂಟೆಗೆ ಸುಮಾರು 137 ಕಿಲೋಮೀಟರ್! ನನ್ನ ಮುದಿ ಭುಜದಲ್ಲಿ ಅಷ್ಟು ಓಟವಿದೆಯೆಂದು ಹಿಗ್ಗುತ್ತಿರುವಾಗಲೇ ಅಳಿಯ ಕಿವಿಯಲ್ಲಿ ಉಸುರಿದ: “ಇದು ಕಮ್ಮಿ, ಮಾವ.”

ಹೊಡೆತದ ನಿಧಾನ ಚಿತ್ರವನ್ನೂ ನೋಡಿದೆ. ಗಟ್ಟಿ ಎಂದುಕೊಂಡಿದ್ದ ಕೋಲು ಕೆಳಗಿಳಿಯುವಾಗ ಹಿಂದಕ್ಕೆ ಬಾಗಿ, ಚೆಂಡಿನ ಹತ್ತಿರ ಬರುವಷ್ಟರಲ್ಲಿ ಮುಂದಕ್ಕೆ ಚಿಮ್ಮಿತ್ತು. ಚೆಂಡೂ ಕೋಲಿನ ತಲೆಯೂ ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ. ಆ ಗಳಿಗೆಯಲ್ಲಿ ತಲೆ ಎತ್ತ ಮುಖ ಮಾಡಿರಬೇಕು ಎಂಬ ಲೆಕ್ಕದಲ್ಲಿ ಶಾಫ್ಟಿನ ಪಾಲು ದೊಡ್ಡದು. ಶಾಫ್ಟ್ ಬಲ ಕೊಡುವುದಿಲ್ಲ, ಹದ ಕೊಡುತ್ತದೆ.

ಕೊನೆಗೆ ಒಪ್ಪಿಗೆಯಾದದ್ದು 50 ಗ್ರಾಂ ತೂಕದ ಎಸ್‌ಆರ್. ಚೆಂಡು ಎತ್ತರಕ್ಕೆ ಎದ್ದು ನೆಟ್ಟಗೆ ಹೋಯಿತು. ಅಂಗಡಿಯವರು ಹಳೆ ಶಾಫ್ಟಿನ ತುದಿಯನ್ನು ತಲೆಗೆ ಜೋಡಿಸುವ ಲೋಹದ ತೋಳಿಗೆ ಬಿಸಿಗಾಳಿ ಹಿಡಿದು, ಅಂಟು ಸಡಿಲವಾದ ಮೇಲೆ ತಿರುಚದೆ ನೇರವಾಗಿ ಎಳೆದರು. ತಿರುಚಿದರೆ ಒಳಗಿನ ಎಳೆಗಳು ಹರಿಯುತ್ತವಂತೆ. ಹೊಸದರ 8.5 ಮಿಲಿಮೀಟರ್ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಎಪಾಕ್ಸಿ ಕಲಸಿ ಹಚ್ಚಿ, ತೋಳಿಗೆ ಕೂರಿಸಿ, ಉಕ್ಕಿಬಂದ ಅಂಟನ್ನು ಬಟ್ಟೆಯಿಂದ ಒರೆಸಿದರು. “ನಾಳೆ ಬನ್ನಿ, ಒಣಗಬೇಕು.”

ಆ ಬಿಡುವಿನಲ್ಲಿ ಇಕೆಬುಕುರೊದಿಂದ ರೈಲು ಹತ್ತಿ, ಬೆಟ್ಟಗಳ ನಡುವಿನ ಚಿಚಿಬುಗೆ ಹೋದೆವು. ಒಂದು ಕಾಲಕ್ಕೆ ಮೆಯ್ಸೆನ್ ಎಂಬ ರೇಷ್ಮೆ ನೇಯ್ಗೆಗೆ ಹೆಸರಾದ ಊರು. ಗೋಡೆಯಲ್ಲಿ ಕಂಡ ಕಿತ್ತಳೆ ಬಣ್ಣದ ಟೂರ್ ಎಡಿ ಶಾಫ್ಟ್‌ಗಳನ್ನು ಮಾಡುವ ಗ್ರಾಫೈಟ್ ಡಿಸೈನ್ ಕಂಪನಿಯ ನೆಲೆಯೂ ಇದೇ. ಅವನ್ನು ಮಾಡುವ ಕ್ರಮವನ್ನು ಅಳಿಯ ರೈಲಿನಲ್ಲೇ ವಿವರಿಸಿದ. ಅಂಟು ಹೀರಿದ ಕಾರ್ಬನ್ ಎಳೆಯ ಹಾಳೆಗಳನ್ನು ಉಕ್ಕಿನ ಸರಳಿನ ಸುತ್ತ ಪತ್ರೊಡೆಯ ಹಾಗೆ ಪದರ ಪದರವಾಗಿ ಸುತ್ತುತ್ತಾರೆ. ಉದ್ದಕ್ಕೆ ಮಲಗಿದ ಎಳೆ ಬಾಗುವುದನ್ನು ತಡೆದರೆ, ಓರೆಯಾಗಿ ಮಲಗಿದ್ದು ತಿರುಚುವುದನ್ನು ತಡೆಯುತ್ತದೆ. ಒಲೆಯಲ್ಲಿ ಬೇಯಿಸಿ, ಸರಳು ಹೊರಗೆಳೆದು, ಉಜ್ಜಿ ಬಣ್ಣ ಬಳಿದರೆ ಶಾಫ್ಟ್ ಸಿದ್ಧ.

ಈ ಎಳೆಯ ಚರಿತ್ರೆಯೂ ಜಪಾನಿನದೇ. ಇಂದು ಜಗತ್ತು ಬಳಸುವ ಬಗೆಯ ಕಾರ್ಬನ್ ಎಳೆಗೆ ದಾರಿ ತೋರಿದವರು ಒಸಾಕಾದ ವಿಜ್ಞಾನಿ ಅಕಿಯೊ ಶಿಂಡೊ, 1961ರ ಹೊತ್ತಿಗೆ. ಟೋರೆ ಕಂಪನಿ 1971ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ವಿಮಾನದ ಮಾತು ದೂರವಿದ್ದ ಆ ದಿನಗಳಲ್ಲಿ ಅದಕ್ಕೆ ಗಿರಾಕಿ ಒದಗಿಸಿದ್ದು ಮೀನಿನ ಗಾಳದ ಕೋಲು ಮತ್ತು ಗಾಲ್ಫ್ ಶಾಫ್ಟ್! ಅದಕ್ಕೆ ಮೊದಲು ಉಕ್ಕು, ಅದಕ್ಕೂ ಮೊದಲು ಹಿಕರಿ ಮರ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಗಾಲ್ಫ್ ಆಡಳಿತಗಾರರು ಉಕ್ಕಿಗೆ ಒಪ್ಪಿಗೆ ಕೊಟ್ಟದ್ದೇ 1929ರಲ್ಲಿ.

ಚಿಚಿಬು ಇರುವ ಸೈತಾಮಾ ಪ್ರಾಂತ್ಯದಲ್ಲೇ ಕಸುಮಿಗಸೆಕಿ ಗಾಲ್ಫ್ ಮೈದಾನವೂ ಇದೆ. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಒಲಿಂಪಿಕ್ ಪದಕಕ್ಕೆ ಒಂದೇ ಹೊಡೆತದಷ್ಟು ದೂರದಲ್ಲಿ ನಾಲ್ಕನೆಯವರಾದದ್ದು ಅಲ್ಲಿಯೇ. ದೂರ ಹೊಡೆಯುವುದರಲ್ಲಿ ಅವರು ಹೆಸರಾದವರಲ್ಲ. ತಮ್ಮ ಅಳತೆಗೆ ತಕ್ಕಂತೆ ಆಡಿ, ಚೆಂಡನ್ನು ಗುಳಿಗೆ ಉರುಳಿಸುವ ಪಟಿಂಗ್‌ನಲ್ಲಿ ಎಲ್ಲರನ್ನೂ ಬೆರಗಾಗಿಸಿದವರು.

ಶಾಫ್ಟ್ ಬದಲಿಸಲು ಹೊರಟವರಿಗೆ ನಾನು ಹೇಳುವುದೂ ಇಷ್ಟೇ. ಮೈಮೇಲಿನ ಅಕ್ಷರ ನಂಬಿ ಕೊಳ್ಳಬೇಡಿ, ದೊಡ್ಡ ಆಟಗಾರ ಹಿಡಿದದ್ದೆಂದು ಮರುಳಾಗಬೇಡಿ. ಮೊದಲು ನಿಮ್ಮ ಬೀಸಿನ ವೇಗ ಅಳೆಸಿ, ಆಮೇಲೆ ತೂಕ, ಆಮೇಲೆ ಬಾಗು. ಒಂದು ಕಂಪನಿಯ ತೋಳು ಇನ್ನೊಂದರ ತಲೆಗೆ ಕೂರುವುದಿಲ್ಲ, ಅದನ್ನೂ ಕೇಳಿ ತಿಳಿಯಿರಿ. ನಿಮ್ಮ ಸ್ವಂತ ಡ್ರೈವರಿಗೇ ಹಾಕಿ ಹೊಡೆದು ನೋಡದೆ ದುಡ್ಡು ಕೊಡಬೇಡಿ.