1,55,52,000 ಸೆಕೆಂಡು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾವು ಕೆಲವು ಹೈಸ್ಕೂಲು ವಿಜ್ಞಾನ ಮೇಷ್ಟ್ರುಗಳು ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಟಿಪ್ಪಣಿ, ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆ, ಪ್ರಯೋಗದ ವಿಡಿಯೊ ಹಂಚಿಕೊಳ್ಳುತ್ತಿದ್ದೆವು. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ವಿಡಿಯೊಗಳಿಗೆ ಯಾವ ಮೂಲೆಗೂ ಸಾಲಲಿಲ್ಲ. ಮಧುಗಿರಿಯ ನಮ್ಮ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಿ, ಯುಪಿಎಸ್ ಜೋಡಿಸಿ, ನೆಕ್ಸ್ಟ್‌ಕ್ಲೌಡ್ ಕೂರಿಸಿದೆ. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದು ಬಂದ ಮುಕ್ತ ತಂತ್ರಾಂಶ ಅದು. ಅಷ್ಟರವರೆಗೆ ಏನೂ ತೊಂದರೆ ಇರಲಿಲ್ಲ.

ಅಡ್ಮಿನ್ ಪುಟ ತೆರೆದರೆ ಎಚ್ಚರಿಕೆಗಳ ಸಾಲು. ಈ ಹೆಡರ್ ಇಲ್ಲ, ಆ ಹೆಡರ್ ಇಲ್ಲ. ಪುಟದ ಜೊತೆಗೆ ಸರ್ವರ್ ಬ್ರೌಸರಿಗೆ ಕಳಿಸುವ ಕಟ್ಟಪ್ಪಣೆಗಳು ಇವು. ನಮ್ಮ ಲಾಗಿನ್ ಪುಟವನ್ನು ಬೇರೆ ಸೈಟಿನವರು ತಮ್ಮ ಪುಟದೊಳಗೆ ಕದ್ದು ಕೂರಿಸಿ ಮೋಸ ಮಾಡದಂತೆ ತಡೆಯುವುದು ಎಕ್ಸ್-ಫ್ರೇಮ್-ಆಪ್ಷನ್ಸ್. ಫೈಲು ಯಾವ ಬಗೆಯದೆಂದು ಸರ್ವರ್ ಹೇಳಿದೆಯೋ ಅದನ್ನೇ ನಂಬು, ನೀನೇ ಊಹೆ ಮಾಡಬೇಡ ಎನ್ನುವುದು ನೋಸ್ನಿಫ್. ಎಚ್‌ಎಸ್‌ಟಿಎಸ್ ಎಂಬುದಂತೂ ಎಲ್ಲಕ್ಕಿಂತ ಖಡಕ್ಕು: ಇಷ್ಟು ಸೆಕೆಂಡಿನವರೆಗೆ ಈ ಸೈಟಿಗೆ ಎಚ್‌ಟಿಟಿಪಿಎಸ್‌ನಲ್ಲೇ ಬಾ, ಬೇರೆ ದಾರಿ ಹಿಡಿಯಬೇಡ. ನೆಕ್ಸ್ಟ್‌ಕ್ಲೌಡ್ ಕೇಳುವುದು ಕನಿಷ್ಠ 1,55,52,000 ಸೆಕೆಂಡು, ಅಂದರೆ 180 ದಿನ. ನಮ್ಮ ಫೈಲುಗಳ ಜೊತೆ ಮಕ್ಕಳ ಅಂಕಪಟ್ಟಿ, ಫೋಟೊ ಎಲ್ಲ ಇದ್ದವು. ಹಾಗಾಗಿ ಉದಾಸೀನ ಮಾಡುವ ಹಾಗಿರಲಿಲ್ಲ.

ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಕಾನ್ಫಿಗ್ ಫೈಲಿನಲ್ಲಿ ಸಾಲುಗಳನ್ನು ಸೇರಿಸಿ ರೀಲೋಡ್ ಮಾಡಿದೆ. ಎಚ್ಚರಿಕೆ ಹೋಗಲಿಲ್ಲ. ಫೈಲಿನಲ್ಲಿ ಸಾಲು ಕಣ್ಣೆದುರಿಗೇ ಇದೆ, ಬ್ರೌಸರಿಗೆ ತಲುಪುತ್ತಿಲ್ಲ. ರಾತ್ರಿ ಊಟ ಆದ ಮೇಲೆ ಕೂತು ಹುಡುಕಿದಾಗ ಸಿಕ್ಕ ಕಾರಣ ಇದು: ಮೇಲಿನ ಸರ್ವರ್ ಬ್ಲಾಕಿನಲ್ಲಿ ಎಷ್ಟೇ ಹೆಡರ್ ಬರೆದರೂ ಒಳಗಿನ ಲೊಕೇಶನ್ ಬ್ಲಾಕಿನಲ್ಲಿ ಒಂದೇ ಒಂದು ಆ್ಯಡ್‌-ಹೆಡರ್ ಸಾಲಿದ್ದರೆ ಸಾಕು, ಮೇಲಿನವೆಲ್ಲ ಅಲ್ಲಿಗೆ ಇಳಿಯುವುದಿಲ್ಲ. ಒಳಗಡೆ ಕ್ಯಾಶ್‌ಗೆಂದು ಅಂಥ ಸಾಲೊಂದಿತ್ತು. ಎಲ್ಲ ಹೆಡರನ್ನೂ ಅಲ್ಲಿ ಮತ್ತೆ ಬರೆಯಬೇಕು. ಬರೆದೆ. ಈಗ ಎಕ್ಸ್-ಫ್ರೇಮ್-ಆಪ್ಷನ್ಸ್ ಎರಡೆರಡು ಸಲ ಹೋಗತೊಡಗಿತು, ನೆಕ್ಸ್ಟ್‌ಕ್ಲೌಡ್ ತಾನೊಂದು ಕಳಿಸುತ್ತದೆ, ಎಂಜಿನ್‌ಎಕ್ಸ್ ಇನ್ನೊಂದು. ಎರಡಿದ್ದರೆ ಒಂದೂ ಇಲ್ಲವೆಂದೇ ನೆಕ್ಸ್ಟ್‌ಕ್ಲೌಡ್‌ನ ಲೆಕ್ಕವಂತೆ! ಒಂದನ್ನು ಮುಚ್ಚಿ, ಕರ್ಲ್ ಕಮಾಂಡಿನಲ್ಲಿ ಹೊರಗಿನಿಂದ ಏನು ಬರುತ್ತಿದೆಯೆಂದು ಸಾಲು ಸಾಲಾಗಿ ನೋಡಿ ತಾಳೆ ಹಾಕಿದ ಮೇಲೆ ಅಡ್ಮಿನ್ ಪುಟ ಹಸಿರಾಯಿತು.

ಮಳೆಗಾಲದಲ್ಲಿ ಸಿಡಿಲು ಬಡಿದು ರೂಟರ್ ಸುಟ್ಟಿತು. ಇಂಟರ್‌ನೆಟ್‌ನವರು ಕಳಿಸಿದ ಹುಡುಗ ಹೊಸದನ್ನು ಹಾಕಿ, ಪೋರ್ಟ್ ತೆರೆದು, ಸೈಟು ಬರುವುದನ್ನು ಫೋನಿನಲ್ಲಿ ತೋರಿಸಿ ಹೋದ. ಆಮೇಲೆ ವಾರಗಟ್ಟಲೆ ಎಲ್ಲ ಸರಾಗ.

ಘಟಕ ಪರೀಕ್ಷೆಯ ಹಿಂದಿನ ಸಂಜೆ ಪಾವಗಡದಿಂದ ಫೋನು. "ಸಾರ್, ಅದೇನೋ ಕೆಂಪಗೆ ಬತ್ತಾ ಐತೆ, ಒಳಕ್ಕೇ ಬಿಡ್ತಿಲ್ಲ."

"ಅಡ್ವಾನ್ಸ್ಡ್ ಒತ್ತಿ ಮೇಡಮ್, ಕೆಳಗೆ ಮುಂದುವರಿ ಅಂತ ಇರುತ್ತೆ."

"ಅದು ಇದ್ರೆ ತಾನೇ ಸಾರ್ ಒತ್ತೋದು? ಇಲ್ವೇ ಇಲ್ಲ."

ನಿಜಕ್ಕೂ ಇರಲಿಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್‌ನ ಅವಧಿ ಮುಗಿದಿತ್ತು. ಮಾಮೂಲಿ ಸೈಟಾದರೆ ಬ್ರೌಸರ್ ಎಚ್ಚರಿಸಿ ಒಳಗೆ ಬಿಡುತ್ತದೆ. ಎಚ್‌ಎಸ್‌ಟಿಎಸ್ ಕಂಡ ಬ್ರೌಸರ್ ಆ ಗುಂಡಿಯನ್ನೇ ತೆಗೆದುಹಾಕುತ್ತದೆ. ಅದರ ಕೆಲಸವೇ ಅದು. ಅಷ್ಟರಲ್ಲಿ ಸಿರಾದಿಂದ, ಕೊರಟಗೆರೆಯಿಂದ ಫೋನುಗಳು. ಹೆಡರನ್ನು ಈಗ ತೆಗೆದರೂ ಪ್ರಯೋಜನವಿಲ್ಲ, ಅಪ್ಪಣೆ ಅವರವರ ಫೋನಿನಲ್ಲಿ ಕೂತಾಗಿದೆ. ಪ್ರಶ್ನೆಪತ್ರಿಕೆಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾ, ನಡುನಡುವೆ ಕರೆಂಟು ಹೋದಾಗ ಯುಪಿಎಸ್‌ನ ಕೀರಲು ದನಿ ಕೇಳುತ್ತಾ ಲಾಗ್ ಓದಿದೆ.

ನಮ್ಮದು ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ 90 ದಿನದ ಉಚಿತ ಸರ್ಟಿಫಿಕೇಟ್. 30 ದಿನ ಉಳಿದಿರುವಾಗಲೇ ಸರ್ಟ್‌ಬಾಟ್ ಎಂಬ ತಂತ್ರಾಂಶ ತಾನಾಗಿ ನವೀಕರಿಸಲು ನೋಡುತ್ತದೆ. ಸೈಟಿನ ಮಾಲೀಕ ನಾನೇ ಎಂದು ಖಾತ್ರಿ ಮಾಡಿಕೊಳ್ಳಲು ಲೆಟ್ಸ್ ಎನ್‌ಕ್ರಿಪ್ಟ್‌ನವರು ಬರುವುದು ಪೋರ್ಟ್ 80ಕ್ಕೆ. ಹೊಸ ರೂಟರಿನಲ್ಲಿ ತೆರೆದಿದ್ದದ್ದು ಎಚ್‌ಟಿಟಿಪಿಎಸ್‌ನ 443 ಮಾತ್ರ. ದಿನವೂ ನವೀಕರಣ ಸೋಲುತ್ತಿತ್ತು, ಲಾಗಿನಲ್ಲಿ ಒಂದೊಂದು ಸಾಲು ಬೀಳುತ್ತಿತ್ತು. ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಮೇಲ್‌ಗಳನ್ನು ಆ ಸಂಸ್ಥೆ 2025ರ ಜೂನ್‌ನಲ್ಲೇ ನಿಲ್ಲಿಸಿದೆ.

ಪೋರ್ಟ್ 80 ಮುಚ್ಚಿರುವುದು ನಾಲ್ಕು ತಾಲ್ಲೂಕಿನಲ್ಲಿ ಒಬ್ಬರಿಗೂ ಗೊತ್ತಾಗದಿದ್ದದ್ದು ಹೇಗೆ? ಎಚ್‌ಎಸ್‌ಟಿಎಸ್ ಇರುವ ಬ್ರೌಸರ್ 80ನ್ನು ಮುಟ್ಟುವುದೇ ಇಲ್ಲ, ನೇರ 443ಕ್ಕೆ ಹೋಗುತ್ತದೆ. ನಮ್ಮನ್ನು ಕಾಯಬೇಕಾದ ಹೆಡರೇ ದೋಷವನ್ನೂ ಮುಚ್ಚಿಟ್ಟಿತ್ತು, ಕೊನೆಗೆ ಬಾಗಿಲನ್ನೂ ಹಾಕಿಕೊಂಡಿತು. ಇದು ಹೊಳೆದಾಗ ನಡುರಾತ್ರಿ ದಾಟಿತ್ತು. ರೂಟರಿನಲ್ಲಿ 80 ತೆರೆದು ನವೀಕರಿಸಲು ಹಿಡಿದದ್ದು ಕಾಫಿ ಆರುವಷ್ಟು ಹೊತ್ತೂ ಅಲ್ಲ. ಬೆಳಗ್ಗೆ ಮೇಡಮ್ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸುತ್ತಿರುವಾಗಲೇ ಸೈಟು ತೆರೆದುಕೊಂಡಿತೆಂದು ತಿಳಿಸಿದರು.

ಮನೆಯಲ್ಲೇ ಸರ್ವರ್ ಇಡುವವರು ಎಚ್‌ಎಸ್‌ಟಿಎಸ್ ಬಿಡಬೇಡಿ. ಆದರೆ ಮೊದಲು 300 ಸೆಕೆಂಡು ಕೊಡಿ, ಆಮೇಲೆ ಒಂದು ವಾರ. ಸರ್ಟಿಫಿಕೇಟ್ ಒಮ್ಮೆ ತಾನಾಗಿಯೇ ನವೀಕರಣಗೊಂಡದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ 180 ದಿನ. ಅಲ್ಲಿಯತನಕ ಅಡ್ಮಿನ್ ಪುಟ ಹಳದಿಯಾಗಿಯೇ ಇರಲಿ, ಅವಸರವಿಲ್ಲ. ರೂಟರ್ ಬದಲಾದ ದಿನವೇ ಸರ್ಟ್‌ಬಾಟ್‌ನ ಡ್ರೈ ರನ್ ಓಡಿಸಿ ನೋಡಿ. ಪೋರ್ಟ್ 80 ಮುಚ್ಚಿದ್ದರೆ ಅಲ್ಲೇ ಬಾಯಿಬಿಡುತ್ತದೆ.