ಪುನರ್ಜನ್ಮವಲ್ಲ, ಪುನರುತ್ಥಾನ

ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಡಾಕ್ಟ್ರೇ, ನಿಮ್ಮ ಈಸ್ಟರ್ ಈ ಸಲ ಯಾವಾಗ? ಡೇಟ್ ಬದಲಾಗ್ತಾನೇ ಇರತ್ತಲ್ಲ!” ಯುಗಾದಿಯ ಹಾಗೆ ಅದೂ ಚಂದ್ರನನ್ನು ನೋಡಿ ನಡೆಯುವ ಹಬ್ಬ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದರೆ ಈಸ್ಟರ್ ಏಪ್ರಿಲ್ 20ಕ್ಕೆ ಬಂತು. ಲೆಕ್ಕ ಇಷ್ಟೇ. ಆದರೆ ಪಾಯಸದ ಹತ್ತಿರ ಬರುವಷ್ಟರಲ್ಲಿ ಎರಡನೇ ಪ್ರಶ್ನೆ ಬರುತ್ತದೆ: “ಅದು ಏಸು ಮತ್ತೆ ಹುಟ್ಟಿದ ದಿನ ತಾನೇ?” ಇದಕ್ಕೆ ಸಾಲಿನಲ್ಲಿ ನಿಂತು ಉತ್ತರ ಹೇಳುವುದು ಕಷ್ಟ. ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ, ಇಲ್ಲಿ ಪ್ರಯತ್ನಿಸುತ್ತೇನೆ.

ನಮ್ಮದು ಧಾರವಾಡದ ಬಾಸೆಲ್ ಮಿಶನ್ ಮೂಲದ ಮನೆತನ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಎಲ್ಲರೂ ಅದೇ ಬಳಗ. ಹಾಗಾಗಿ ನಾನು ಪುನರುತ್ಥಾನ ಎಂಬ ಪದವನ್ನು ಕೇಳಿದ್ದು ಕನ್ನಡದಲ್ಲೇ, ಅದೂ ಸ್ಮಶಾನದಲ್ಲಿ. ಈಸ್ಟರ್ ದಿನ ಇನ್ನೂ ಕತ್ತಲಿರುವಾಗಲೇ ನಮ್ಮನ್ನು ಎಬ್ಬಿಸಿ ಸಮಾಧಿಗಳ ನಡುವೆ ಕರೆದೊಯ್ದು ನಿಲ್ಲಿಸುತ್ತಿದ್ದರು. ಮೇಣದಬತ್ತಿ, ಚಳಿ, ಅಜ್ಜಿಯ ಶಾಲು. ಹುಡುಗರಾದ ನಮಗೆ ಅರ್ಧ ಹೆದರಿಕೆ, ಅರ್ಧ ನಿದ್ದೆ. ಸೂರ್ಯ ಹುಟ್ಟಿದ ಕೂಡಲೇ ಹಾಡು.

ಪುನರ್ಜನ್ಮದಲ್ಲಿ ಆತ್ಮ ಹಳೆಯ ದೇಹವನ್ನು ಬಿಟ್ಟು ಹೊಸದೊಂದಕ್ಕೆ ಹೋಗುತ್ತದೆ. ಪುನರುತ್ಥಾನ ಎಂದರೆ ಅದೇ ಮನುಷ್ಯ ಎದ್ದು ನಿಲ್ಲುವುದು, ದೇಹ ಸಮೇತ. ನಮ್ಮ ಆಸ್ಪತ್ರೆಯ ಭಾಷೆಯಲ್ಲಿ ಇದು ‘ರಿಸಸಿಟೇಷನ್’ ಕೂಡ ಅಲ್ಲ. 1960ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಮೂವರು ಎದೆ ಒತ್ತಿ ನಿಂತ ಹೃದಯವನ್ನು ನಡೆಸುವ ವಿಧಾನ ಪ್ರಕಟಿಸಿದ ಮೇಲೆ ನಾವು ಎಷ್ಟೋ ಜನರನ್ನು ವಾಪಸ್ ತಂದಿದ್ದೇವೆ. ಅವರೆಲ್ಲ ಮುಂದೊಂದು ದಿನ ಸಾಯುವವರೇ. ಯೋಹಾನನ ಸುವಾರ್ತೆಯಲ್ಲಿ ಏಸು ನಾಲ್ಕು ದಿನದ ಹೆಣವಾಗಿದ್ದ ಲಾಜರನನ್ನು ಎಬ್ಬಿಸುತ್ತಾನಲ್ಲ, ಅವನಿಗೂ ಮುಂದೆ ಸಾವು ಇದ್ದೇ ಇತ್ತು. ಈಸ್ಟರ್ ಹೇಳುವುದು ಸಾವನ್ನೇ ದಾಟಿಹೋದ ಒಂದು ದೇಹದ ಕಥೆ. ಕ್ರಿಸ್ತನ ನಂತರ ಇಪ್ಪತ್ತೈದು ವರ್ಷದೊಳಗೆ ಕೊರಿಂಥದವರಿಗೆ ಪತ್ರ ಬರೆದ ಪೌಲ ಇದನ್ನು ಬಿತ್ತಿದ ಕಾಳಿಗೆ ಹೋಲಿಸುತ್ತಾನೆ. ಮಣ್ಣಿಗೆ ಹಾಕುವುದು ಕಾಳು, ಮೇಲೆ ಬರುವುದು ಪೈರು. ಜೋಳದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಪತ್ರದಲ್ಲಿ ಅವನು ಇನ್ನೊಂದು ಮಾತನ್ನೂ ಬರೆದಿದ್ದಾನೆ: ಕ್ರಿಸ್ತ ಎದ್ದೇ ಇಲ್ಲವಾದರೆ ನಮ್ಮ ನಂಬಿಕೆಯೆಲ್ಲ ವ್ಯರ್ಥ, ನಮ್ಮಷ್ಟು ಅಯ್ಯೋ ಪಾಪ ಎನಿಸುವವರು ಬೇರೆ ಇಲ್ಲ. ಇಷ್ಟು ನೇರವಾಗಿ ತನ್ನ ಧರ್ಮವನ್ನೇ ಪಣಕ್ಕಿಡುವ ಮಾತು ನನಗೆ ಇಷ್ಟ.

ವೈದ್ಯನಾಗಿ ನನ್ನನ್ನು ಹಿಡಿದಿಡುವುದು ಎರಡು ಸಣ್ಣ ವಿವರ. ಸುವಾರ್ತೆ ಬರೆದ ಲೂಕನೂ ವೈದ್ಯ ಎಂದು ಪರಂಪರೆ. ಹೆಂಗಸರು ಸಮಾಧಿ ಖಾಲಿ ಇದೆ ಎಂದು ಬಂದು ಹೇಳಿದಾಗ ಶಿಷ್ಯರು ಅದನ್ನು ಹುಚ್ಚು ಮಾತು ಎಂದುಕೊಂಡರು ಎಂದು ಅವನು ಮುಚ್ಚಿಡದೆ ಬರೆಯುತ್ತಾನೆ. ಎದ್ದು ಬಂದವನು ತಿನ್ನಲು ಏನಾದರೂ ಇದೆಯೇ ಎಂದು ಕೇಳಿ ಸುಟ್ಟ ಮೀನಿನ ತುಂಡು ತಿಂದ ಎಂದೂ ಬರೆಯುತ್ತಾನೆ. ಭೂತವೋ ಮನುಷ್ಯನೋ ಎಂದು ನೋಡಲು ಇದಕ್ಕಿಂತ ಒಳ್ಳೆಯ ಬೆಡ್‌ಸೈಡ್ ಪರೀಕ್ಷೆ ಇದೆಯೇ! ಇನ್ನೊಂದು, ಗಾಯದ ಗುರುತುಗಳು. ಹೊಸ ದೇಹದಲ್ಲಿ ಮೊಳೆಯ ಗಾಯ ಮಾಯವಾಗಲಿಲ್ಲ. ತೋಮನಿಗೆ ಅದನ್ನೇ ತೋರಿಸಿದ. ರೋಗಿಗಳ ಮೈಮೇಲಿನ ಹಳೆಯ ಕಲೆಗಳನ್ನು ಮೂವತ್ತು ವರ್ಷ ನೋಡಿದ ನನಗೆ, ಪಟ್ಟ ಪಾಡೂ ಎದ್ದವನ ಜೊತೆಗೇ ಎದ್ದು ಬಂತು ಎನ್ನುವುದು ದೊಡ್ಡ ಮಾತಾಗಿ ಕಾಣುತ್ತದೆ.

ಇದೆಲ್ಲ ಓದಿ ತಿಳಿದದ್ದು. 2021ರ ಮೇ ತಿಂಗಳಲ್ಲಿ ಅಪ್ಪ ಕೋವಿಡ್‌ನಿಂದ ಧಾರವಾಡದಲ್ಲಿ ತೀರಿಕೊಂಡರು. ನಾನು ಟಿಕೆಟ್ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಿಪಿಇ ತೊಟ್ಟ ನಾಲ್ಕು ಜನ ಪೆಟ್ಟಿಗೆ ಇಳಿಸಿದ್ದನ್ನು ನಾರ್ತ್ ಕ್ಯಾರೋಲೈನಾದ ನನ್ನ ಅಡುಗೆಮನೆಯಲ್ಲಿ ಕುಳಿತು ಫೋನಿನಲ್ಲಿ ನೋಡಿದೆ. ಎರಡು ದಿನದ ಮೇಲೆ ಅವ್ವ ಕೇಳಿದಳು: “ನೀ ಡಾಕ್ಟರ ಇದ್ದಿ. ಖರೇ ಹೇಳು, ಅವರನ್ನ ನಾ ಮತ್ತ ನೋಡತೇನೋ ಇಲ್ಲೋ?”

ಅವಳಿಗೆ ಪಾದ್ರಿಗಳ ಉತ್ತರ ಗೊತ್ತಿತ್ತು. ಸಾವನ್ನು ದಿನಾ ನೋಡುವ ಮಗನ ಉತ್ತರ ಬೇಕಿತ್ತು. ಕಣ್ಣಿಗೆ ಟಾರ್ಚು ಬಿಟ್ಟು, ಕತ್ತಿನ ನಾಡಿ ಹಿಡಿದು, ಎದೆಗೆ ಸ್ಟೆತಸ್ಕೋಪ್ ಇಟ್ಟು ‘ಇನ್ನಿಲ್ಲ’ ಎಂದು ಎಷ್ಟು ಸಲ ಬರೆದಿದ್ದೇನೋ. ಎಂ.ಡಿ. ಓದಿನಲ್ಲಿ ಅವಳ ಪ್ರಶ್ನೆಗೆ ಉತ್ತರ ಇಲ್ಲ. “ನೋಡತೀಯವ್ವಾ” ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಂಬಿ ಹೇಳಿದ್ದು. ಕನ್ನಡ ಬೈಬಲಿನಲ್ಲಿ ‘ಹೋಪ್’ ಎನ್ನುವುದಕ್ಕೆ ‘ನಿರೀಕ್ಷೆ’ ಎಂಬ ಪದ ಇದೆ. ಇಂಗ್ಲಿಷ್ ಪದಕ್ಕಿಂತ ಇದೇ ಸರಿ ಎನ್ನಿಸುತ್ತದೆ. ಆಸೆ ಪಡುವುದು ಬೇರೆ, ಬರುತ್ತೇನೆ ಎಂದು ಮಾತು ಕೊಟ್ಟವರಿಗಾಗಿ ಬಾಗಿಲು ನೋಡುತ್ತ ಕೂರುವುದು ಬೇರೆ. ಕಾಯುವವರು ಅಳಬಾರದು ಎಂದೂ ಇಲ್ಲ. ಕ್ರೈಸ್ತರ ಸಾವಿನ ಮನೆಯಲ್ಲಿ “ಅಳಬೇಡಿ, ಅವರು ದೇವರ ಹತ್ತಿರ ಇದ್ದಾರೆ” ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನೇನು ಲಾಜರನನ್ನು ಎಬ್ಬಿಸಲಿದ್ದ ಏಸುವೇ ಅತ್ತನಲ್ಲ!

ನಮ್ಮ ರಾಜ್ಯದ ವಿನ್ಸ್ಟನ್-ಸೇಲಂನಲ್ಲಿ ಮೊರೇವಿಯನ್ ಪಂಥದವರ ಹಳೆಯ ಸ್ಮಶಾನವಿದೆ. ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ 1732ರಲ್ಲಿ ಕೆಲವು ಯುವಕರು ಈಸ್ಟರ್ ಬೆಳಗ್ಗೆ ಸಮಾಧಿಗಳ ಬಳಿ ಹಾಡಿದ್ದೇ ಮೊದಲು. ಸೇಲಂನಲ್ಲಿ 1772ರಿಂದ ಆ ಪದ್ಧತಿ ಬಂತು. ರಾತ್ರಿಯೆಲ್ಲ ಬ್ಯಾಂಡಿನವರು ಬೀದಿ ಬೀದಿ ಸುತ್ತಿ ತುತ್ತೂರಿ ಊದುತ್ತಾರೆ. ಹಿಂದಿನ ದಿನ ಮನೆಮಂದಿ ಬಂದು ಕಲ್ಲು ತೊಳೆದು ಹೂ ಇಡುತ್ತಾರೆ. ಕಲ್ಲುಗಳೆಲ್ಲ ಒಂದೇ ಅಳತೆ, ನೆಲಕ್ಕೆ ಮಟ್ಟಸ. ಸಾಹುಕಾರನಿಗೂ ಆಳಿಗೂ ವ್ಯತ್ಯಾಸ ಇಲ್ಲ. ಮದುವೆಯಾದ ಗಂಡಸರದು ಒಂದು ಕಡೆ, ಹೆಂಗಸರದು ಒಂದು ಕಡೆ, ಮದುವೆಯಾಗದವರದು ಬೇರೆ. ಗಂಡ ಹೆಂಡತಿ ಅಕ್ಕಪಕ್ಕ ಇರುವುದಿಲ್ಲ.

ಅಪ್ಪ ಹೋದ ಮರುವರ್ಷ ಈಸ್ಟರ್ ಬೆಳಗ್ಗೆ ನಾನು ಅಲ್ಲಿಗೆ ಹೋಗಿದ್ದೆ. ಅಲ್ಲಿಂದಲೇ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ತೋರಿಸಿದೆ. ತುತ್ತೂರಿ ಮೆಚ್ಚಿದಳು, ಒಂದೇ ಅಳತೆಯ ಕಲ್ಲುಗಳನ್ನೂ ಮೆಚ್ಚಿದಳು. ಗಂಡ ಹೆಂಡಿರನ್ನು ಬೇರೆ ಬೇರೆ ಹೂಳುತ್ತಾರೆ ಎಂದದ್ದು ಮಾತ್ರ ಹಿಡಿಸಲಿಲ್ಲ. “ಅಲ್ಲೋ, ಎದ್ದ ಮ್ಯಾಲೆ ಇಷ್ಟ ಮಂದ್ಯಾಗ ಅವರನ್ನ ಎಲ್ಲಂತ ಹುಡುಕೂದು?” ಎಂದು, ಧಾರವಾಡದಲ್ಲಿ ಅಪ್ಪನ ಎಡಗಡೆ ತನಗೆ ಜಾಗ ಹೇಳಿಟ್ಟಿರುವುದನ್ನು ತಿಳಿಸಿ, ಒಲೆಯ ಮೇಲೆ ಹಾಲಿದೆ ಅಂತ ಫೋನ್ ಇಟ್ಟಳು.