ಬಸ್ಸಿನ ಕಾಗುಣಿತ

ಕೊರಟಗೆರೆಯಿಂದ ಮಧುಗಿರಿ ಕಡೆ ಹೊರಟಾಗ ರಸ್ತೆಬದಿಯ ಬೋರ್ಡುಗಳನ್ನು ಓದುತ್ತಾ ಕೂರುವುದು ನನಗೆ ಬಲು ಇಷ್ಟ. ಪಂಚರು, ಮೋಟ್ರು ರಿಪೇರಿ, ಪ್ಯಾನ್ಸಿ ಸ್ಟೋರು. ಇಂಗ್ಲಿಷ್ ಬಲ್ಲವರು ಕಂಡು ನಗುವುದುಂಟು. ನನಗೋ, ಬರೆದ ಕೈಯ ಮೇಲೆ ಗೌರವ ಹುಟ್ಟುತ್ತದೆ.

ಆ ಕೈ ಪಾಲಿಸಿದ ಕಟ್ಟಳೆ ಬಹಳ ಹಳೆಯದು. ಹಳಗನ್ನಡದ ‘ಕಲ್’ ಹೊಸಗನ್ನಡದಲ್ಲಿ ಕಲ್ಲಾಯಿತು, ‘ಕಾಲ್’ ಕಾಲಾಯಿತು. ಒಂದೇ ಸ್ವರವಿರುವ ಪದದಲ್ಲಿ ಆ ಸ್ವರ ಗಿಡ್ಡವಾಗಿದ್ದರೆ ಕೊನೆಯ ವ್ಯಂಜನ ಸಾಮಾನ್ಯವಾಗಿ ಇಮ್ಮಡಿಸಿ ಉಕಾರ ಸೇರುತ್ತದೆ. ಸ್ವರ ಉದ್ದವಾಗಿದ್ದರೆ, ಇಲ್ಲವೇ ಪದದಲ್ಲಿ ಸ್ವರಗಳು ಹೆಚ್ಚಿದ್ದರೆ, ಬರೀ ಉಕಾರ ಸಾಕು. ಈಗ ಇಂಗ್ಲಿಷಿನಿಂದ ಬಂದವನ್ನು ನೋಡಿ: ಬಸ್ಸು, ಪೆನ್ನು, ಬಿಲ್ಲು; ಕಾರು, ರೋಡು, ಬೋರು. ಮಧುಗಿರಿಯ ಏಕಶಿಲಾ ಬೆಟ್ಟದ ಕಲ್ಲಿಗೂ ಅದರ ಬುಡದ ಊರಿಗೆ ಬರುವ ಬಸ್ಸಿಗೂ ಒಂದೇ ಸೂತ್ರ. ಯಾರೂ ಹೇಳಿಕೊಡದೆ ನಮ್ಮ ಜನ ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಇಂಗ್ಲಿಷಿಗಿಂತ ಮೊದಲು ಪಾರಸಿಗೂ ಹೀಗೇ ಆಯಿತು. ಬಿಜಾಪುರದವರ ಕೈಲಿದ್ದ ಶಿರಾ 1687ರಲ್ಲಿ ಮೊಗಲರ ಸುಬಾ ಆಯಿತು. ಅಂಥ ಆಡಳಿತಗಳ ದಫ್ತರದಿಂದ ಹೊರಬಿದ್ದ ‘ಜಮೀನ್’ ರೈತರ ಬಾಯಲ್ಲಿ ಜಮೀನಾಯಿತು. ಇವತ್ತು ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಇದೆ. ನೆಲ ರೈತರದು, ಗುತ್ತಿಗೆಗೆ ಕೊಟ್ಟದ್ದು. “ಸೋಲಾರಿಗೆ ಜಮೀನು ಕೊಟ್ಟಿದೀವಿ” ಅಂದರೆ ಆಯಿತು, ಪಾರಸಿಯೂ ಇಂಗ್ಲಿಷೂ ಕನ್ನಡದ ಅಂಕೆಯಲ್ಲಿ ಜೊತೆಯಾಗಿ ನಡೆಯುತ್ತವೆ.

ಹದಿಮೂರನೇ ಶತಮಾನದ ವೈಯಾಕರಣ ಕೇಶಿರಾಜ ಸಂಸ್ಕೃತದ ಪದಗಳು ಕನ್ನಡದಲ್ಲಿ ರೂಪ ಬದಲಿಸುವ ಬಗೆಯನ್ನು ವಿವರಿಸಲು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವನ್ನೇ ಬರೆದ. ಬಾಲ್ಯದಲ್ಲಿ ಮಧುಗಿರಿಯ ಶಾಲೆಯಲ್ಲೂ ಓದಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಹೊರಗಿನಿಂದ ಬಂದ ಮಾತುಗಳಿಗಾಗಿ ‘ಎರವಲು ಪದಕೋಶ’ ಮಾಡಿದರು. ಬಂದ ಪದವನ್ನು ಕೂರಿಸಿ ಮಾತಾಡಿಸುವ ಈ ದೊಡ್ಡತನ ನಮ್ಮ ಶಾಸ್ತ್ರದಲ್ಲೇ ಇದೆ.

ಆದರೂ ಪತ್ರಿಕೆಗಳಲ್ಲಿ ‘ಬಸ್‌ನಲ್ಲಿ’ ಎಂದು ಅಚ್ಚಾಗುವುದೇ ಹೆಚ್ಚು. ಹಾಗೆ ಉಚ್ಚರಿಸುವವರು ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಸಂತೆಗಳಲ್ಲಿ ಎಷ್ಟು ಮಂದಿ ಸಿಕ್ಕಾರು? ‘ಬಸ್ಸಿನಲ್ಲಿ’ ಎಂದು ಬರೆದರೆ ಓದುವ ನಾಲಿಗೆ ಎಡವುವುದಿಲ್ಲ. ಊರ ಶಾಲೆಯ ಮಗು ತನ್ನ ಕಾಪಿಯಲ್ಲಿ ‘ಬಸ್ಸು’, ‘ಮೋಟ್ರು’ ಎಂದು ಬರೆದರೆ ಮೇಷ್ಟ್ರು ಕೆಂಪು ಗೀಟು ಎಳೆಯಬಾರದು. ಇಂಗ್ಲಿಷ್ ಪಾಠದಲ್ಲಿ ಇಂಗ್ಲಿಷಿನ ಕಾಗುಣಿತ ಕಲಿಯಲಿ, ಕನ್ನಡ ಬರೆಯುವಾಗ ಮನೆಯಲ್ಲಿ ಕೇಳಿದ್ದನ್ನು ಬರೆಯಲಿ. ಅಪ್ಪ ಅಮ್ಮ ಆಡುವ ಮಾತೇ ತಪ್ಪು ಎಂದು ಒಮ್ಮೆ ಅನ್ನಿಸಿಬಿಟ್ಟರೆ ಆ ಮಗು ಬರೆಯುವುದಕ್ಕೇ ಹೆದರುತ್ತದೆ. ಹೆದರಿದ ಕೈಗಳಿಂದ ಕನ್ನಡ ಬೆಳೆಯುವುದಿಲ್ಲ.